ವೃತ್ತದಲ್ಲಿ ಹನ್ನೊಂದು ಹೆಂಗಸರು

ನಡಿಗೆಯೆಂದರೆ ಕತ್ತರಿಯಕ್ಕನಿಗೆ ಅಷ್ಟಕ್ಕಷ್ಟೆ. ಇಪ್ಪತ್ತು ವರ್ಷ ಬ್ಯೂಟಿ ಪಾರ್ಲರಿನ ಒಂದೇ ಕುರ್ಚಿಯ ಹಿಂದೆ ನಿಂತು ಊರ ಹೆಂಗಸರ ಕೂದಲು ಕತ್ತರಿಸಿದವಳು. ನಿಲ್ಲುವುದರಲ್ಲಿ ಗಟ್ಟಿಗಿತ್ತಿ, ನಡೆಯುವುದು ಯಾರಿಗೆ ಬೇಕು? ಆದರೆ ನಾಲ್ಕು ತಿಂಗಳ ಹಿಂದೆ ಎದೆಯ ಬಲಭಾಗದ ಗಂಟು ತೆಗೆಸಿಕೊಂಡ ಮೇಲೆ ಬಲಗೈ ಭುಜದ ಮಟ್ಟಕ್ಕೆ ಬಂದು ಮೊಂಡು ಹಿಡಿದು ನಿಂತುಬಿಡುತ್ತಿತ್ತು. ಗಾಯ ಮಾಗಿದೆ, ಉಳಿದಿರುವುದು ಹೆದರಿಕೆ ಎಂದಿದ್ದರು ಡಾಕ್ಟರು. ಅವರಿಗೇನು, ಹೇಳುತ್ತಾರೆ, ಕೈ ಅವರದ್ದಲ್ಲವಲ್ಲ! ಪಾರ್ಲರಿನ ಯಜಮಾನಿ ಬೇರೆ ಹೇಳಿ ಕಳಿಸಿದ್ದಳು: ಒಂದನೇ ತಾರೀಕಿಗೆ ಬಂದರೆ ಕುರ್ಚಿ ನಿನ್ನದು, ಇಲ್ಲದಿದ್ದರೆ ಇನ್ನೊಬ್ಬಳಿಗೆ. ಅದಕ್ಕೆ ಉಳಿದಿದ್ದು ಆರೇ ದಿನ. ಎತ್ತಲಾಗದ ಕೈಯಿಂದ ಯಾರ ನೆತ್ತಿ ಮುಟ್ಟುವುದು?

"ಮಲಗಿ ಫ್ಯಾನ್ ನೋಡಿದ್ದು ಸಾಕು, ಏಳಕ್ಕ," ಎಂದು ಓರಗಿತ್ತಿ ಬೆಳಬೆಳಿಗ್ಗೆ ಅವಳನ್ನು ಎಬ್ಬಿಸಿ, ತಾನು ಹೋಗುತ್ತಿದ್ದ ಹೆಂಗಸರ ನಡಿಗೆ ಗುಂಪಿಗೆ ಎಳೆದೊಯ್ದಳು.

ಗುಂಪಿನಲ್ಲಿ ಹತ್ತು ಜನ. ಒಬ್ಬಳಿಗೆ ಮಂಡಿನೋವು, ಒಬ್ಬಳಿಗೆ ಬಿ.ಪಿ., ಒಬ್ಬಳಿಗೆ ಅತ್ತೆ. ಇವಳು ಹನ್ನೊಂದನೆಯವಳು. ಎಲ್ಲರಿಗೂ ಹಿರಿಯರು ನಿವೃತ್ತ ನರ್ಸು. ಅವರನ್ನು ಸಿಸ್ಟರ್ ಎಂದೇ ಕರೆಯುವುದು.

"ಇಲ್ಲಿರೋದು ಒಂದೇ ರೂಲ್ಸು," ಎಂದರು ಸಿಸ್ಟರ್. "ಯಾರಿಗೆ ನೋವು ಜಾಸ್ತಿನೋ ಅವರು ಮುಂದೆ. ಎಲ್ಲಿಗೆ, ಎಷ್ಟು ನಿಧಾನ, ಎಲ್ಲಾ ಅವರಿಷ್ಟ. ರಸ್ತೆ ದಾಟೋವಾಗ ಗಾಡಿ ನಿಲ್ಲಿಸೋದೂ ಅವರೇ. ಹಿಂದಿನೋರು ಅವರನ್ನ ದಾಟೋ ಹಾಗಿಲ್ಲ, ಬುದ್ಧಿ ಹೇಳೋ ಹಾಗಿಲ್ಲ."

"ನಗಬಹುದಾ?" ಎಂದಳು ಕಂಡಕ್ಟರಮ್ಮ. ಬಸ್ಸಿನ ಕಂಬಿಯಷ್ಟೇ ಎತ್ತರದ ಹೆಂಗಸು.

"ನಗದಿದ್ರೆ ಮನೆಗೆ ಹೋಗು."

ಸರಿ, ಕತ್ತರಿಯಕ್ಕನೇ ಮುಂದಾದಳು. ದೊಡ್ಡ ವೃತ್ತದ ಹತ್ತಿರ ಬಂದಾಗ ಸಿಗ್ನಲ್ ಕೆಟ್ಟಿತ್ತು, ಗಾಡಿಗಳೂ ಇರಲಿಲ್ಲ. ಸರಸರನೆ ದಾಟಿ, ನಡುವಿನ ದುಂಡು ತೋಟದ ಕಲ್ಲುಕಟ್ಟೆ ಹತ್ತಿದಳು. ಹಿಂದೆಯೇ ಹತ್ತೂ ಜನ ಹತ್ತಿದರು. ಅಷ್ಟರಲ್ಲಿ ಆಫೀಸಿನ ಬಸ್ಸುಗಳು, ವ್ಯಾನುಗಳು, ಸ್ಕೂಟರುಗಳು ಎಲ್ಲಿದ್ದವೋ ಏನೋ, ಒಂದರ ಹಿಂದೊಂದು ನುಗ್ಗಿ ಬಂದವು. ಹತ್ತಿದ್ದೇನೋ ಆಯಿತು, ಇಳಿಯುವುದು ಹೇಗೆ?

ಕತ್ತರಿಯಕ್ಕ ಎಡಗೈ ಎತ್ತಿದಳು. ಬಸ್ಸಿನ ಡ್ರೈವರು ಟಾಟಾ ಮಾಡುತ್ತಿದ್ದಾಳೆಂದುಕೊಂಡು ತಾನೂ ಕೈಬೀಸಿ ಹೋದ. ಆ ಕಡೆ ಸಂದಿ ಸಿಕ್ಕೀತೆಂದು ಅವಳು ಕಟ್ಟೆಯ ಮೇಲೆಯೇ ಮುಂದೆ ನಡೆದಳು. ಅಲ್ಲೂ ಇಲ್ಲ. ಇನ್ನೂ ಮುಂದೆ ಹೋದರೆ ಹೊರಟಲ್ಲಿಗೇ ಬಂದಳು. ಹಿಂದಿನವರು ತುಟಿಪಿಟಕ್ಕೆನ್ನದೆ ಹಿಂಬಾಲಿಸಿದರು, ರೂಲ್ಸು ತಾನೇ!

ಎರಡನೇ ಸುತ್ತಿಗೆ ಓರಗಿತ್ತಿ ಕಿಸಕ್ಕೆಂದಳು. ಮೂರನೆಯದಕ್ಕೆ ಮಂಡಿನೋವಿನವಳು ನಕ್ಕು ನಕ್ಕು ತನ್ನ ಮಂಡಿಯನ್ನೇ ಮರೆತಳು. ಒಬ್ಬರ ಸೊಂಟ ಒಬ್ಬರು ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ಸಾಗಿತು ದಂಡು. ಕತ್ತರಿಯಕ್ಕನಿಗೆ ಮೊದಲು ಅವಮಾನವಾಯಿತು, ಆಮೇಲೆ ಅವಳಿಗೂ ತಡೆಯಲಾಗಲಿಲ್ಲ. ನಾಲ್ಕು ತಿಂಗಳಲ್ಲಿ ಅವಳು ಹೀಗೆ ನಕ್ಕಿದ್ದೇ ಇಲ್ಲ.

"ಏನಮ್ಮಾ, ಜಾತ್ರೆ ರಾಟೆ ತಿರುಗ್ತಾ ಇದೀರಾ? ಟಿಕೆಟ್ ಎಷ್ಟು?" ಎಂದು ವ್ಯಾನಿನವನೊಬ್ಬ ತಲೆ ಹೊರಹಾಕಿದ.

"ನಿನಗೆ ಸೀಟಿಲ್ಲ, ಹೋಗೋ!" ಎಂದಳು ಕಂಡಕ್ಟರಮ್ಮ.

ಅವನು ಸುಮ್ಮನೆ ಹೋಗಲಿಲ್ಲ, ಗಾಡಿಯನ್ನು ಕಟ್ಟೆಯ ಪಕ್ಕ ನಿಧಾನಕ್ಕೆ ಉರುಳಿಸುತ್ತ ಬಂದ. ಹಾರ್ನ್ ಒತ್ತಿ, "ಮುಂದಿರೋ ಅಜ್ಜಿಗೆ ದಾರಿ ಗೊತ್ತಿಲ್ಲ, ಬೇರೆಯವರನ್ನ ಹಾಕ್ಕೊಳ್ಳಿ," ಎಂದ.

ಬೇರೆಯವರನ್ನಂತೆ! ಯಜಮಾನಿಯ ಮಾತೇ ಇವನ ಬಾಯಲ್ಲೂ! ಕತ್ತರಿಯಕ್ಕನಿಗೆ ಪಿತ್ತ ನೆತ್ತಿಗೇರಿತು. "ನಿಲ್ಲಿಸೋ ಗಾಡಿ!" ಎಂದು ಗದರಿ ಬಲಗೈ ಎತ್ತಿದಳು. ಭುಜದ ಹತ್ತಿರ ಕೈ ಎಂದಿನಂತೆ ಮೊಂಡು ಹಿಡಿಯಿತು. ಕಂಕುಳಲ್ಲಿ ಚುರ್ರೆಂದಿತು, ಜೀವ ಬಾಯಿಗೆ ಬಂತು. ನೆರವಿಗೆ ಹಿಂದಿನಿಂದ ಒಂದು ಕೈಯೂ ಏಳಲಿಲ್ಲ. ರೂಲ್ಸು ರೂಲ್ಸೇ. ಏನಾದರಾಗಲಿ ಎಂದು ಅವಳು ಹಲ್ಲುಕಚ್ಚಿ ದೂಡಿದಳು. ಕೈ ನೇರ ಮೇಲೆ ಹೋಗಿ ನಿಂತಿತು.

ವ್ಯಾನು ನಿಂತಿತು, ಅದರ ಹಿಂದಿನ ಬಸ್ಸೂ ನಿಂತಿತು. ಹನ್ನೊಂದು ಜನ ದೊರೆಸಾನಿಯರ ಹಾಗೆ ರಸ್ತೆ ದಾಟಿದರು. ಕಂಡಕ್ಟರಮ್ಮ ವ್ಯಾನಿನವನಿಗೆ "ರೈಟ್, ರೈಟ್!" ಎಂದು ಅಪ್ಪಣೆ ಕೊಟ್ಟಳು.

ಆಚೆ ಬದಿಯಲ್ಲಿ, ಬಾಗಿಲು ತೆರೆಯದ ಅಂಗಡಿಯ ಮೆಟ್ಟಿಲ ಮೇಲೆ ಎಲ್ಲರೂ ಕುಸಿದು ಕೂತು ಮತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಂಡಕ್ಟರಮ್ಮ ಕೂರಲಿಲ್ಲ. ನಕ್ಕ ರಭಸಕ್ಕೆ ಅವಳ ತುರುಬು ಬಿಚ್ಚಿ ಕೂದಲೆಲ್ಲ ಮುಖದ ಮೇಲೆ ಬಂದಿತ್ತು.

"ಥೂ, ಹೀಗಾ ತುರುಬು ಹಾಕೋದು?" ಕತ್ತರಿಯಕ್ಕನಿಗೆ ನೋಡಲಾಗಲಿಲ್ಲ. ತುದಿಗಾಲಲ್ಲಿ ನಿಂತು, ಪಿನ್ನುಗಳನ್ನು ಹಲ್ಲಲ್ಲಿ ಕಚ್ಚಿಕೊಂಡು, ಆ ಎತ್ತರದ ತಲೆಗೆ ಎರಡೂ ಕೈ ಹಾಕಿ ಕೂದಲು ಸುತ್ತತೊಡಗಿದಳು.

ಮೆಟ್ಟಿಲ ಮೇಲಿನ ನಗು ಒಂದೊಂದಾಗಿ ನಿಂತಿತು. ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದರು. ಓರಗಿತ್ತಿ ಎದ್ದು ನಿಂತಳು.

"ಅಕ್ಕಾ... ನಿನ್ನ ಕೈ..."

"ಸುಮ್ನಿರೇ," ಎಂದಳು ಕತ್ತರಿಯಕ್ಕ, ಪಿನ್ನುಗಳ ಸಂದಿಯಿಂದ. "ಕೆಲಸದಲ್ಲಿದೀನಿ."