ರಾಶಿಯ ಮುಂದೆ ಹಾಕಿದ ಚಪ್ಪರ

ಕಲ್ಲೇಶಪ್ಪನಿಗೆ ಅಕ್ಕನೆಂದರೆ ಪ್ರಾಣ, ಅಕ್ಕನ ಹಟವೆಂದರೆ ಎದೆ ಢವಢವ. ಆ ವರ್ಷ ಸುಗ್ಗಿಗೆ ಮುಂಚೆ ಅಕ್ಕ ಅಜ್ಜಮ್ಮ, ವಿಧವೆಯಾಗಿದ್ದ ತನ್ನ ಸೊಸೆಗೆ ಮರುಮದುವೆ ಮಾಡುತ್ತೇನೆ, ಅದೂ ಹಾಡುಹಗಲಲ್ಲಿ, ಬಯಲಲ್ಲಿ, ಚಪ್ಪರ ಹಾಕಿಸಿ ಎಂದಾಗ ಅವನ ಬಾಯಿ ಎಲೆಅಡಿಕೆ ಅಗಿಯುವುದನ್ನೇ ಮರೆಯಿತು.

ಮರುಮದುವೆ ಹೊಸದೇನಲ್ಲ. ಕೆರೆಬಿಳಚಿ ಸುತ್ತಿನ ಒಕ್ಕಲು ಮನೆಗಳಲ್ಲಿ ಗಂಡ ಸತ್ತ ಹೆಣ್ಣಿಗೆ ಸೀರೆ ಉಡಿಕೆ ಅಂತ ಮಾಡುತ್ತಿದ್ದರು. ಆದರೆ ಅದು ಕತ್ತಲ ಕೆಲಸ. ಚಪ್ಪರವಿಲ್ಲ, ಓಲಗವಿಲ್ಲ, ಮುತ್ತೈದೆಯರು ಆ ಕಡೆ ತಲೆಹಾಕುವಂತಿಲ್ಲ. ಊರು ಮಲಗಿದ ಮೇಲೆ ಗುಡಿಯ ಹಿಂದೆ ಒಂದು ಸೀರೆ ಕೊಟ್ಟು, ತಾಳಿ ಕಟ್ಟಿಸಿ, ಬೆಳಗಾಗುವುದರೊಳಗೆ ಸಾಗಹಾಕಿಬಿಡುವುದು. ಮದುವೆಯೋ ಕಳ್ಳತನವೋ ದೇವರಿಗೇ ಗೊತ್ತು! ಅಕ್ಕ ತಮ್ಮ ಇಬ್ಬರೂ ಅಂಥ ಉಡಿಕೆಯಾದವಳ ಹೊಟ್ಟೆಯಲ್ಲಿ ಹುಟ್ಟಿದವರೇ. ಅಪ್ಪ ಸತ್ತಾಗ ದಾಯಾದಿಗಳು ಹೊಲಕ್ಕೆ ಅಡ್ಡ ಬಂದು, ನಿಮ್ಮವ್ವನ ಮದುವೆ ನೋಡಿದವರು ಯಾರು ಎಂದು ಕೇಳಿದರು. ನೋಡಿದವರು ಒಬ್ಬರೂ ಸಿಗಲಿಲ್ಲ. ಹೊಲ ಹೋಯಿತು, 'ಉಡಿಕೆ ಸಾಲಿನವರು' ಎಂಬ ಹೆಸರು ಉಳಿಯಿತು.

ಅಜ್ಜಮ್ಮನ ಗಂಡ ಎಂದೋ ತೀರಿಕೊಂಡಿದ್ದ. ಇದ್ದೊಬ್ಬ ಮಗನೂ ಜ್ವರ ಬಂದು ಹೋದ. ಸೊಸೆ ಉಚ್ಚಂಗೆಮ್ಮ ಇನ್ನೂ ಎಳೆಯ ಹುಡುಗಿ. ನ್ಯಾಮತಿಯಲ್ಲಿ ಗಾಡಿ ಹೊಡೆಯುವ ಹಾಲಸ್ವಾಮಿ, ಅವನೂ ಹೆಂಡತಿ ಕಳೆದುಕೊಂಡವನೇ, ಕಟ್ಟಿಕೊಳ್ಳಲು ಒಪ್ಪಿದ್ದ. ಅಷ್ಟರಲ್ಲಿ ಮೈಸೂರು ಸರ್ಕಾರ ವಿಧವೆಯರ ಮದುವೆಗೆ ಕಾಯಿದೆ ಮಾಡಿದೆ ಎಂಬ ಸುದ್ದಿ ಹಬ್ಬಿತು. ಅಜ್ಜಮ್ಮ ತಮ್ಮನನ್ನು ಎಳಕೊಂಡು ಚನ್ನಗಿರಿಗೆ ನಡೆದೇಬಿಟ್ಟಳು. ಅಲ್ಲಿಯ ವಕೀಲರು ಹೇಳಿದ್ದು ಇಷ್ಟೇ: ಮೊದಲ ಮದುವೆಗೆ ನಿಮ್ಮಲ್ಲಿ ಏನೇನು ಶಾಸ್ತ್ರ ಉಂಟೋ ಅದಷ್ಟನ್ನೂ ನಾಲ್ಕು ಜನರ ಕಣ್ಣೆದುರು ಮಾಡಿ, ಆಮೇಲೆ ಹುಟ್ಟುವ ಮಕ್ಕಳ ಹಕ್ಕು ಅಲ್ಲಾಡುವುದಿಲ್ಲ.

ಊರ ಯಜಮಾನ ಗೋಣೆಪ್ಪ ಕೆಟ್ಟವನಲ್ಲ. ಎಲ್ಲ ಕೇಳಿಸಿಕೊಂಡು, ಮೀಸೆ ಸವರಿಕೊಂಡು ತೀರ್ಪು ಹೇಳಿದ. "ಚಪ್ಪರ ಹಾಕ್ಕೊಳ್ರಿ, ಬ್ಯಾಡ ಅನ್ನಲ್ಲ. ಐದು ಜನ ಮುತ್ತೈದೇರು ಅಕ್ಷತೆ ಹಾಕಿದ್ರೆ ಅದು ಮದುವೆ. ಹಾಕದಿದ್ರೆ ಹಗಲಿನಾಗೆ ಮಾಡಿದ್ರೂ ಉಡಿಕೇನೇ."

ಅಲ್ಲಿಗೆ ಬಂತು ಗಂಟು. ಅಜ್ಜಮ್ಮ ಮನೆಮನೆ ಹತ್ತಿ ಇಳಿದಳು. ಒಬ್ಬಳಿಗೆ ತಲೆನೋವು, ಇನ್ನೊಬ್ಬಳಿಗೆ ತವರಿನ ಕಡೆ ಹೋಗಬೇಕಾದ ಕೆಲಸ. ಗೋಣೆಪ್ಪನ ಹೆಂಡತಿ ಭೀಮಕ್ಕ ಮಾತ್ರ ನಿಜ ಹೇಳಿದಳು, ತನ್ನ ತಾಳಿಗೆ ಏನಾದರೂ ಆದೀತೆಂಬ ಅಂಜಿಕೆಯೆಂದು. ಕಲ್ಲೇಶಪ್ಪ ಸೋತು, ಹೋಗಲಿ ಬಿಡಕ್ಕ, ಎಲ್ಲರ ಹಾಗೆ ಕತ್ತಲಲ್ಲೇ ಮುಗಿಸೋಣ ಎಂದ. ಅಜ್ಜಮ್ಮ ಸಿಟ್ಟಾಗಲಿಲ್ಲ. ಮದುವೆ ಊರ ಕಣದಲ್ಲಿ, ರಾಶಿ ಪೂಜೆಯ ದಿನವೇ ಎಂದಳು.

ಅಕ್ಕನಿಗೆ ತಲೆ ಕೆಟ್ಟಿತು ಎಂದುಕೊಂಡ ಕಲ್ಲೇಶಪ್ಪ. ಊರಿನ ಜೋಳವೆಲ್ಲ ಆ ಒಂದೇ ಕಣದಲ್ಲಿ ರಾಶಿ ಬಿದ್ದಿರುತ್ತದೆ, ರಾಶಿ ಬಿಟ್ಟು ಒಬ್ಬರೂ ಕದಲುವುದಿಲ್ಲ, ಹೊಟ್ಟು ಧೂಳು ಬೇರೆ. ಅಂಥಲ್ಲಿ ಯಾರಾದರೂ ಹಸೆಮಣೆ ಹಾಕುತ್ತಾರೆಯೇ? ಗೊಣಗುತ್ತಲೇ ಗಳ ಕಡಿದ, ಗೊಣಗುತ್ತಲೇ ಹಾಲುಗಂಬ ನೆಟ್ಟ, ಮಾವಿನ ತೋರಣ ಕಟ್ಟಿದ. ಕಟ್ಟಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ತಮ್ಮವ್ವನಿಗೆ ಇಂಥದ್ದೊಂದು ಇರಲಿಲ್ಲವಲ್ಲ ಎಂದುಕೊಂಡು ಇನ್ನೊಂದು ತೋರಣ ಕಟ್ಟಿದ.

ಮದುವೆಯ ಬೆಳಿಗ್ಗೆ ಹೊನ್ನಾಳಿಯ ಓಲಗದವರು ಕೆನ್ನೆ ಉಬ್ಬಿಸಿ ಊದಿದರು. ಹಾಲಸ್ವಾಮಿ ತಾಳಿ ಕಟ್ಟಿದ. ಸುತ್ತ ರಾಶಿಗಳ ಪಕ್ಕದಲ್ಲಿ ಊರ ಹೆಂಗಸರೆಲ್ಲ ಇದ್ದರು, ಇದ್ದೂ ಬೆನ್ನು ತಿರುಗಿಸಿ ಮೊರದಲ್ಲಿ ಜೋಳ ಕೇರುತ್ತಿದ್ದರು. ಅಕ್ಷತೆ ಹಾಕಲು ಒಬ್ಬಳೂ ಏಳಲಿಲ್ಲ. ಉಚ್ಚಂಗೆಮ್ಮ ಹಸೆಮಣೆಯ ಮೇಲೆ ತಲೆ ಬಗ್ಗಿಸಿಯೇ ಕೂತಿದ್ದಳು. ಇನ್ನೇನು, ಇದೂ ಉಡಿಕೆಯಾಗಿಯೇ ಹೋಯಿತಲ್ಲ ಎಂದುಕೊಂಡ ಕಲ್ಲೇಶಪ್ಪ.

ಆಗ ಅಜ್ಜಮ್ಮ ನೆಟ್ಟಗೆ ಭೀಮಕ್ಕನ ರಾಶಿಯ ಮುಂದೆ ಹೋಗಿ ನಿಂತು ಸೆರಗು ಒಡ್ಡಿದಳು.

ರಾಶಿ ಎದ್ದು ನಿಂತ ಕಣದಲ್ಲಿ ಸೆರಗೊಡ್ಡಿದವರಿಗೆ ಇಲ್ಲ ಅನ್ನಬಾರದು. ಹಗೆಯವನೇ ಬಂದು ಒಡ್ಡಲಿ, ಇಲ್ಲ ಅಂದರೆ ರಾಶಿಯ ಹುಲುಸು ಹೊರಟುಹೋಗುತ್ತದೆ. ಕಲ್ಲೇಶಪ್ಪ ಹುಟ್ಟಿದಾಗಿನಿಂದ ಕಂಡ ಮಾತು. ಕಂಡೂ ಹೊಳೆದಿರಲಿಲ್ಲ. ಎಲಾ ಅಕ್ಕ!

"ಭೀಮಕ್ಕ, ನನಗೆ ಕಾಳು ಬ್ಯಾಡ," ಎಂದಳು ಅಜ್ಜಮ್ಮ. "ನಿಮ್ಮ ರಾಶಿಯಾಗಿಂದು ಒಂದು ಹಿಡಿ ತಂದು ಆ ಹುಡುಗಿ ತಲೆ ಮ್ಯಾಲೆ ಹಾಕ್ರಿ. ಅವಳ ಮಕ್ಕಳನ್ನ ನಾಳೆ ಯಾರಾದ್ರೂ ಕೇಳಿದ್ರೆ, ನಾನು ನೋಡೀನಿ ಅನ್ನಾಕೆ ನೀವು ಬೇಕು."

ಭೀಮಕ್ಕ ತಾಳಿ ಮುಟ್ಟಿಕೊಂಡಳು. ಗಂಡನನ್ನು ನೋಡಿದಳು, ಅವನು ನೆಲ ನೋಡುತ್ತಿದ್ದ. ರಾಶಿಯನ್ನು ನೋಡಿದಳು. ಆಮೇಲೆ ಬಗ್ಗಿ ಎರಡೂ ಕೈ ತುಂಬ ಜೋಳ ಎತ್ತಿಕೊಂಡು ಚಪ್ಪರದೊಳಗೆ ಹೋದಳು. ಅಜ್ಜಮ್ಮ ಪಕ್ಕದ ರಾಶಿಗೆ ನಡೆದಳು, ಅದರ ಪಕ್ಕದ್ದಕ್ಕೆ ನಡೆದಳು. ಐದು ಮುಗಿದ ಮೇಲೆ ಕೇಳುವ ಗೋಜೇ ಬರಲಿಲ್ಲ, ಉಳಿದವರು ತಾವಾಗಿ ಎದ್ದು ಬಂದರು. ಗೋಣೆಪ್ಪ ಗಂಟಲು ಸರಿಮಾಡಿಕೊಂಡು, ಮದುವೆ ಆಯಿತು ಎಂದು ಕಣಕ್ಕೆಲ್ಲ ಕೇಳುವಂತೆ ಕೂಗಿದ. ಕಲ್ಲೇಶಪ್ಪ ಹಾಲುಗಂಬ ಹಿಡಿದುಕೊಂಡು ನಾಚಿಕೆಯಿಲ್ಲದೆ ಅತ್ತ. ಇಂಥ ಅಕ್ಕನ ಬೆನ್ನಿಗೆ ಹುಟ್ಟಿದ್ದೇ ತನ್ನ ಪುಣ್ಯ ಅನ್ನಿಸಿತು.

ಕಣ್ಣೊರೆಸಿಕೊಂಡು ನೋಡಿದರೆ ಅಕ್ಕ ಇಲ್ಲ. ಕಣದ ಕೊನೆಯಲ್ಲಿ, ತನ್ನದೇ ಮೊಣಕಾಲುದ್ದದ ರಾಶಿಯ ಹಿಂದೆ ನಿಂತಿದ್ದಳು. ಗಂಡ ಸತ್ತವಳು ಮದುಮಕ್ಕಳ ಹತ್ತಿರ ಬರಬಾರದಲ್ಲ. ಊರನ್ನೆಲ್ಲ ಎಬ್ಬಿಸಿದವಳು ತಾನು ಮಾತ್ರ ಆ ಗೆರೆ ದಾಟಿರಲಿಲ್ಲ.

ಉಚ್ಚಂಗೆಮ್ಮ ಹಸೆಯಿಂದ ಎದ್ದಳು. ತಲೆಯಿಂದ ಜೋಳ ಉದುರುತ್ತಿದ್ದಂತೆಯೇ ಕಣ ದಾಟಿ ಬಂದು ಅತ್ತೆಯ ರಾಶಿಯ ಮುಂದೆ ಮೊಣಕಾಲೂರಿ ಸೆರಗು ಒಡ್ಡಿದಳು.

"ಅತ್ತೆ," ಎಂದಳು, "ನಿಮ್ಮದೊಂದು ಹಿಡಿ ಬಾಕಿ ಐತೆ."

ಅಜ್ಜಮ್ಮ ತಮ್ಮನ ಕಡೆ ನೋಡಿದಳು, ಗೋಣೆಪ್ಪನ ಕಡೆ ನೋಡಿದಳು. ರಾಶಿಯ ಮುಂದೆ ಇಲ್ಲ ಅನ್ನುವಂತಿರಲಿಲ್ಲ. ಅವಳು ಬಗ್ಗಿ ಎರಡೂ ಕೈಯಲ್ಲಿ ಜೋಳ ತುಂಬಿಕೊಂಡಳು.