ಇಲ್ಲ ಎನ್ನಬಾರದ ಸಿನಿಮಾ

ಕದ್ದವನು ತಾನಾಗಿ ಕರೆದರೆ ಹೋಗಬೇಕು. ಗುರುದತ್ತ ತನ್ನ ಸಿನಿಮಾದಲ್ಲಿ ಹಾಡುಗಾರ್ತಿಯ ಪಾತ್ರ ಮಾಡು ಎಂದಾಗ ನಾನು ಒಪ್ಪಿದ್ದು ಅದಕ್ಕೇ.

ಅಮ್ಮ ತೀರಿಕೊಂಡ ಹೊಸತರಲ್ಲಿ, ಕಾಶಿಯ ಲಂಕಾ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಕೂತು ಅವಳ ಮೇಲೊಂದು ಹಾಡು ಕಟ್ಟಿದ್ದೆ. ನಾನೂ ಗುರುದತ್ತನೂ ಆಗ ಅಲ್ಲಿನ ವಿಶ್ವವಿದ್ಯಾಲಯದ ಒಂದೇ ವಿಭಾಗದಲ್ಲಿ ಸಂಶೋಧನೆ ಮಾಡುತ್ತಿದ್ದೆವು. ಸಮಾಧಾನ ಹೇಳಲು ಬಂದವನು ಹಾಡು ಎಂದ, ಹಾಡಿದೆ. ಫೋನಿನಲ್ಲಿ ಕದ್ದು ಹಿಡಿದುಕೊಂಡಿದ್ದಾನೆಂದು ನನಗೇನು ಗೊತ್ತು? ವರ್ಷ ತುಂಬುವುದರೊಳಗೆ ಊರೆಲ್ಲ ಅದೇ ಹಾಡು. ಸಾಹಿತ್ಯ, ಸಂಗೀತ ಗುರುದತ್ತ! ಕೇಳಲು ಹೋದರೆ, "ಹಾಡಿನ ಮೇಲೆ ನಿನ್ನ ಹೆಸರು ಕೆತ್ತಿತ್ತಾ?" ಎಂದು ನಕ್ಕ. ಅವತ್ತಿನಿಂದ ನನಗೆ ಬೇಕಾಗಿದ್ದದ್ದು ಒಂದೇ. ಅದು ನನ್ನ ಹಾಡೆಂದು ಅವನ ಬಾಯಿಂದಲೇ, ನಾಲ್ಕು ಜನರೆದುರು ಬರಬೇಕು.

ಈಗ ಅವನು ದೊಡ್ಡ ನಿರ್ದೇಶಕನಂತೆ. ಊರೂರು ಸುತ್ತುವ ರಾಕ್ ಬ್ಯಾಂಡೊಂದು ಕಾಶಿಗೆ ಬಂದು ಒಡೆದುಹೋಗುವ ಕಥೆ. ನಿಜವಾದ ಬ್ಯಾಂಡ್ ಇಲ್ಲವೇ ಇಲ್ಲ, ನಾವೇ ವೇಷ ಹಾಕಿದವರು. ಸಂಭಾಷಣೆಯನ್ನೂ ಬರೆದಿರಲಿಲ್ಲ, ಕ್ಯಾಮೆರಾ ಮುಂದೆ ಬಾಯಿಗೆ ಬಂದದ್ದೇ ಮಾತು. ಕಟ್ಟಳೆ ಒಂದೇ: ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಇಲ್ಲ ಎನ್ನಬಾರದು, ಒಪ್ಪಿಕೊಂಡು ಮುಂದುವರಿಸಬೇಕು. ಅದನ್ನು ತಾನೇ ಕಂಡುಹಿಡಿದವನಂತೆ ಮೆರೆಯುತ್ತಿದ್ದ.

ಬ್ಯಾಂಡಿನ ಮ್ಯಾನೇಜರ್ ಪಾತ್ರ ಅವನದೇ. ಕೊನೆಯ ದೃಶ್ಯ ಹನುಮಾನ್ ಘಾಟ್‌ನ ಯಾತ್ರಿನಿವಾಸದ ಹಾಲ್‌ನಲ್ಲಿ. ಕಾಶಿವಾಸಕ್ಕೆ ಬಂದಿದ್ದ ನಮ್ಮ ಕಡೆಯ ಅಜ್ಜಿಯಂದಿರು, ವಿಶ್ವವಿದ್ಯಾಲಯದ ಕನ್ನಡದವರು, ಗಲ್ಲಿಯ ಜನ ಎಲ್ಲ ನೋಡಲು ಸೇರಿದ್ದರು. ಮುಂದಿನ ಸಾಲಿನಲ್ಲಿ ಚಿತ್ರೋತ್ಸವಕ್ಕೆ ಸಿನಿಮಾ ಆರಿಸುವ ಪ್ರಾರ್ಥನಾ. "ಏನು ಬಂದ್ರೂ ನಡುವೆ ನಿಲ್ಸೋದಿಲ್ಲ ಮೇಡಂ, ಅದೇ ನಮ್ಮ ಗತ್ತು" ಎಂದು ಅವಳೆದುರು ಕೊಚ್ಚಿಕೊಂಡಿದ್ದ.

ಅಮ್ಮನ ಹಾಡನ್ನೇ ಹಾಡಿದೆ. ಚಪ್ಪಾಳೆ ನಿಲ್ಲುವ ಮೊದಲೇ ಅವನ ಕಡೆ ತಿರುಗಿದೆ.

"ಮ್ಯಾನೇಜರ್ ಸಾಹೇಬ್ರೇ, ಈ ಹಾಡು ನನ್ನಿಂದ ಕದ್ರಲ್ಲ, ಅದನ್ನ ಜನಕ್ಕೆ ಹೇಳಿ."

ಇಂಗು ತಿಂದ ಮಂಗನ ಹಾಗಾದ. ಪ್ರಾರ್ಥನಾಳ ಕಡೆ ನೋಡಿದ. ಅವಳು ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು.

"ಹೌದು," ಎಂದ ಹಲ್ಲು ಕಿರಿದು. "ಕದ್ದೆ."

"ಹೇಗೆ?"

ಸುಳ್ಳು ಕಟ್ಟಲು ಪುರುಸೊತ್ತು ಬೇಕು. ಅದು ಅವನಿಗೆ ಸಿಗಲಿಲ್ಲ.

"ನೀನು... ಅಳ್ತಾ ಹಾಡ್ತಿದ್ದೆ. ಫೋನ್ ಜೇಬಲ್ಲಿತ್ತು. ರೆಕಾರ್ಡ್ ಮಾಡ್ಕೊಂಡೆ."

"ಯಾರ ಮೇಲೆ ಕಟ್ಟಿದ ಹಾಡು?"

"ನಿಮ್ಮಮ್ಮನ ಮೇಲೆ."

ನಮ್ಮ ವಿಭಾಗದ ಪ್ರೊಫೆಸರ್ ಚಿದಾನಂದ ಎದ್ದು ನಿಂತರು. "ಶ್ಯಾಮಲಾ, ನಿಮ್ಮ ತಾಯಿ ಹೋದಾಗ ನಿನ್ನ ಜೊತೆ ಓಡಾಡ್ತಿದ್ದವನು ಇವನೇ ಅಲ್ಲವೇನಮ್ಮ?"

"ಇವನೇ ಸರ್."

ಹಾಲ್ ಗುಜುಗುಜು ಎಂದಿತು. ಯಾತ್ರಿನಿವಾಸದ ಕಾವೇರಮ್ಮಜ್ಜಿಗೆ ನಾಟಕ, ನಿಜ ಎಂಬ ಭೇದವೇ ಬೇಕಿರಲಿಲ್ಲ. "ನಿನ್ ಬಾಯಿಗೆ ಮಣ್ಣ್ ಹಾಕ! ಸತ್ತೋದ್ ತಾಯಿ ಹಾಡ್ನೂ ಬಿಡ್ಲಿಲ್ವೇನೋ?" ಎಂದು ಕೂಗಿದಳು.

ಗುರುದತ್ತ ಹತ್ತಿರ ಬಂದು ಪಿಸುಗುಟ್ಟಿದ. "ಸಾಕು ಕಣೇ, ನಿನ್ನ ಕಾಲಿಗೆ ಬೀಳ್ತೀನಿ."

ಇಷ್ಟು ವರ್ಷ ಉರಿದ ಹೊಟ್ಟೆ ಅಷ್ಟಕ್ಕೆಲ್ಲ ಆರುತ್ತದೆಯೇ? ಮೈಕನ್ನು ಅವನ ಬಾಯಿಗೇ ಹಿಡಿದೆ.

"ಗಲ್ಲಿಯವರಿಗೆ ಕನ್ನಡ ಬರಲ್ಲ ಸಾಹೇಬ್ರೇ. ಈಗ ಹಿಂದೀಲಿ ಹೇಳಿ."

ಕ್ಯಾಮೆರಾ ಓಡುತ್ತಲೇ ಇತ್ತು. ಅವನು ತಲೆ ತಗ್ಗಿಸಿ, "ಗಾನಾ ಇನ್ಕಾ ಹೈ, ಮೈನೇ ಚುರಾಯಾ" ಎಂದ.

"ಜೋರಾಗಿ," ಎಂದೆ.