ಮೇಷ್ಟ್ರ ನಡಿಗೆ

ಕದ ತೆಗೆದವನು ತಮ್ಮನೇ. ಬಂದಿರುವ ಡಾಕ್ಟರು ಯಾರೆಂದು ಕಂಡ ಕೂಡಲೇ ಅವನ ಮುಖ ಗಂಟಿಕ್ಕಿತು.

“ನಿನ್ನನ್ನ ಯಾರು ಕರೆದ್ರು?”

“ನಿನ್ನ ಹೆಂಡತಿ,” ಎಂದಳು ಅಕ್ಕ. “ಒಳಗೆ ಬಿಡ್ತೀಯೋ, ಇಲ್ಲ ಬೀದಿಲೇ ನಿಂತು ಜಗಳ ಆಡೋಣವೋ?”

ಅಕ್ಕ ಪ್ರಾಣಿಗಳ ಡಾಕ್ಟರು, ತಮ್ಮ ನಾಯಿಗಳಿಗೆ ಪಾಠ ಹೇಳುವವನು. ಇಬ್ಬರ ಹೊಟ್ಟೆಪಾಡೂ ನಾಯಿಯಿಂದಲೇ, ಆದರೆ ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಹಿಂದೊಮ್ಮೆ ಅವಳು ತನ್ನ ಆಸ್ಪತ್ರೆಗೆ ಬಂದವರೊಬ್ಬರಿಗೆ, ‘ಅವನ ಹತ್ತಿರ ಮಾತ್ರ ನಾಯಿ ಬಿಡಬೇಡಿ, ಕುತ್ತಿಗೆ ಎಳೆದೆಳೆದು ಕಲಿಸ್ತಾನೆ’ ಎಂದಿದ್ದಳು. ಆ ಮಾತು ಬಾಯಿಂದ ಬಾಯಿಗೆ ಸುತ್ತಿ ತಮ್ಮನ ಕಿವಿಗೂ ಬಿತ್ತು. ಒಡಹುಟ್ಟಿದವಳೇ ನನ್ನ ಅನ್ನಕ್ಕೆ ಕಲ್ಲು ಹಾಕಿದಳು ಎಂದು ಅವನು ಮಾತು ಬಿಟ್ಟ. ಅವಳೇನು ಕಡಿಮೆಯೇ? ಹೇಳಿದ್ದರಲ್ಲಿ ತಪ್ಪೇನು ಎಂದು ಇಂದಿಗೂ ಕೇಳುತ್ತಾಳೆ.

ಮೇಷ್ಟ್ರು ತಮ್ಮನ ಸ್ವಂತ ನಾಯಿ, ಕಂದು ಬಣ್ಣದ ಭಾರಿ ಆಳು. ಹೊಸ ನಾಯಿಗಳ ಮುಂದೆ ಕೂತು, ನಿಂತು, ಕೈ ಕೊಟ್ಟು ತೋರಿಸುವ ಕೆಲಸ ಅವರದಾದ್ದರಿಂದ ಗಿರಾಕಿಗಳು ಇಟ್ಟ ಹೆಸರು. ಮೇಷ್ಟ್ರು ಬಂದರು, ಮೇಷ್ಟ್ರು ಕೂತರು ಎಂದೇ ಎಲ್ಲರ ಮಾತು. ಆ ಮೇಷ್ಟ್ರು ನಿನ್ನೆ ಗಿರಾಕಿಗಳೆಲ್ಲ ನೋಡುತ್ತಿದ್ದಂತೆ ತಮ್ಮನ ಕೈಗೆ ಬಾಯಿ ಹಾಕಿದ್ದರು. ಅವನಿಗೆ ಗಾಯಕ್ಕಿಂತ ಹೋದ ಮರ್ಯಾದೆಯೇ ಹೆಚ್ಚು ಉರಿಯುತ್ತಿತ್ತು. ಬೆಳಗ್ಗೆ ಎದ್ದವನೇ, ಡಾಕ್ಟರನ್ನು ಕರೆಸಿ ಸೂಜಿ ಚುಚ್ಚಿಸಿ ಇದನ್ನು ಮುಗಿಸಿಬಿಡುತ್ತೇನೆ ಎಂದ. ಫೋನು ನಾನೇ ಮಾಡುತ್ತೇನೆ ಎಂದು ಎದ್ದ ಹೆಂಡತಿ ಬೇಕೆಂದೇ ಅಕ್ಕನ ನಂಬರು ಒತ್ತಿದ್ದಳು.

“ಸೂಜಿ ತಂದಿದ್ದೀಯ ತಾನೇ? ಹಾಕು, ಹೊರಡು,” ಎಂದ ತಮ್ಮ.

“ಮೊದಲು ನಡೆಸಿ ತೋರಿಸು.”

“ಸಾಯೋ ನಾಯಿ ಹೇಗೆ ನಡೆದ್ರೆ ನಿನಗೇನು?”

“ಹುಟ್ಟಿದಾಗಿನಿಂದ ಕಚ್ಚದೇ ಇರೋ ನಾಯಿ ಈಗ ಕಚ್ಚಿದೆ ಅಂದ್ರೆ ಎಲ್ಲೋ ನೋವಿರಬೇಕು. ನೋಡದೆ ನಾನು ಸೂಜಿ ಮುಟ್ಟಲ್ಲ.”

“ನೋವಲ್ಲ, ಸೊಕ್ಕು. ನಿನ್ನೆ ಕಚ್ಚಿದಾಗ ನಾನು ಹಿಡಿದಿದ್ದ ಕಾಲನ್ನ ಉಗುರಿಂದ ಹೆಗಲವರೆಗೂ ಒತ್ತಿ ನೋಡಿದ್ದೀನಿ. ಕುಂಯ್ ಅನ್ಲಿಲ್ಲ.”

ಹಾಗೆಂದು ಹಗ್ಗ ಬಿಗಿಹಿಡಿದು ಸಿಮೆಂಟಿನ ಅಂಗಳದಲ್ಲಿ ನಡೆಸಿದ. ಮೇಷ್ಟ್ರು ಅವನ ಎಡಕ್ಕೆ, ಅವನ ಮೊಣಕಾಲಿಗೆ ಹೆಗಲು ತಾಗಿಸಿಕೊಂಡು, ತಲೆಯೆತ್ತಿ, ಗೆರೆ ಎಳೆದ ಹಾಗೆ ನಡೆದರು. ತನ್ನ ನಾಯಿಗಳು ತಲೆ ಅಲ್ಲಾಡಿಸುವುದಿಲ್ಲ ಎನ್ನುವುದೇ ತಮ್ಮನ ಹೆಮ್ಮೆ. ಅಕ್ಕ ಕುಕ್ಕರುಗಾಲಿನಲ್ಲಿ ಕೂತು ನೋಡಿದಳು. ನಿಂತಾಗ ಬಲ ಪಂಜದ ಬೆರಳುಗಳು ಅಗಲವಾಗಿ ಹರಡುತ್ತಿದ್ದವು, ಎಡದವು ಮುದುಡಿಕೊಂಡೇ ಇದ್ದವು. ಬಿಸಿಲಿಲ್ಲ, ಓಟವಿಲ್ಲ, ಆದರೂ ಮೇಷ್ಟ್ರು ತೇಕುತ್ತಿದ್ದರು, ಮತ್ತೆ ಮತ್ತೆ ಮೂಗು ನೆಕ್ಕಿಕೊಳ್ಳುತ್ತಿದ್ದರು. ಕುಂಟು ಮಾತ್ರ ಕಾಣಲಿಲ್ಲ. ನೋವಿನ ಮುಂಗಾಲು ನೆಲಕ್ಕೆ ಊರಿದಾಗ ನಾಯಿ ತಲೆಯನ್ನು ಮೇಲಕ್ಕೆ ಎಸೆಯುತ್ತದೆ. ಇಲ್ಲಿ ತಲೆಯನ್ನು ಹಗ್ಗವೇ ಎತ್ತಿ ಹಿಡಿದಿತ್ತು.

“ಹಗ್ಗ ಬಿಡು.”

“ನನಗೆ ನನ್ನ ಕೆಲಸ ಹೇಳಿಕೊಡಬೇಡ.”

“ಬಿಡೋ. ನಿನ್ನ ಕೈ ಅದರ ಕುತ್ತಿಗೆ ಮೇಲಿರೋವರೆಗೂ ನನಗೆ ಕಾಣೋದು ನಿನ್ನ ನಡಿಗೆ, ಅದರದ್ದಲ್ಲ.”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬಂದು ಕುತ್ತಿಗೆಯ ಬೆಲ್ಟಿನಿಂದ ಹಗ್ಗದ ಕೊಂಡಿ ಕಳಚಿದಳು. ಗಂಡ ಅವಳನ್ನು ನುಂಗುವಂತೆ ನೋಡಿದ. ಮೇಷ್ಟ್ರ ತಲೆ ಕೆಳಗಿಳಿಯಿತು. ನೀರಿನ ತೊಟ್ಟಿಯ ಕಡೆಗೆ ಹೊರಟರು. ಎಡ ಮುಂಗಾಲು ನೆಲ ಮುಟ್ಟಿದಾಗಲೆಲ್ಲ ತಲೆ ಮೇಲಕ್ಕೆ ಹಾರುತ್ತಿತ್ತು.

ಅಕ್ಕ ಹೋಗಿ ಆ ಕಾಲನ್ನು ಮೆಲ್ಲಗೆ ಮಡಿಸಿದಳು. ಮೇಷ್ಟ್ರು ಮೈ ಬಿಗಿದು, ಉಸಿರು ಕಟ್ಟಿ, ಗೋಡೆ ನೋಡಿದರು.

“ಮೇಲಿನ ಕೀಲು ಊದಿದೆ. ನಿನ್ನೆ ಏನಾಯ್ತು?”

“ಕೈ ಕೊಡು ಅಂದಾಗ ಎಡಗೈ ಕೊಟ್ರು ಅಕ್ಕ,” ಎಂದಳು ತಮ್ಮನ ಹೆಂಡತಿ. “ಈಚೀಚೆಗೆ ಹಾಗೇ ಮಾಡ್ತಿದ್ರು. ಇವರು ಬೈದು, ಬಲಗೈ ಎಳೆದು, ಫೋಟೋ ತೆಗೆಯೋವರೆಗೂ ಎತ್ತಿ ಹಿಡ್ಕೊಂಡ್ರು.”

“ಬಲಗಾಲು ಎತ್ತಿ ಹಿಡಿದ್ರೆ ಮೈಭಾರ ಎಲ್ಲಿ ಬೀಳುತ್ತೋ? ನೋಯೋ ಕಾಲಿನ ಮೇಲೆ. ಅದನ್ನ ತಪ್ಪಿಸೋಕೆ ತಾನೇ ಅದು ಎಡಗಾಲು ಕೊಡ್ತಿದ್ದದ್ದು? ನೀನು ಒತ್ತಿ ನೋಡಿದ್ದು ಯಾವುದು, ಬಲಗಾಲು.”

ಅಕ್ಕ ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸುವುದು ಆ ಮನೆಯ ಮಕ್ಕಳ ಜಾಯಮಾನದಲ್ಲೇ ಇಲ್ಲ.

“ಊರ ನಾಯಿಗೆಲ್ಲ ಬುದ್ಧಿ ಹೇಳ್ತೀಯ. ನಿನ್ನ ನಾಯಿ ಕಾಲು ತೋರಿಸಿ ಹೇಳಿದ್ದು ನಿನ್ನ ತಲೆಗೆ ಹೋಗಲಿಲ್ಲ.”

ಹೇಳುವಾಗ ಅವಳಿಗೆ ನಾಲಿಗೆ ಸಿಹಿಯಾಯಿತು.

“ಸುಳ್ಳು,” ಎಂದ ತಮ್ಮ. “ದಿನಾ ನಡೆಸೋನು ನಾನು. ಕುಂಟಿದ್ರೆ ನನಗೆ ಕಾಣ್ತಿರಲಿಲ್ವಾ?”

“ಹೇಗೆ ಕಾಣುತ್ತೆ? ಅದು ಯಾವಾಗಲೂ ನಿನ್ನ ಎಡಕ್ಕೆ ನಡೆಯುತ್ತೆ. ನಿನ್ನ ಕಣ್ಣಿಗೆ ಬೀಳೋದು ಅದರ ಬಲಮಗ್ಗುಲು. ಆಚೆ ಬದಿಯ ಕಾಲು ನೀನು ನೋಡೇ ಇಲ್ಲ.”

ತಮ್ಮ ಹಟಕ್ಕೆ ಬಿದ್ದ. ಸರಸರ ಹೋಗಿ ಮೇಷ್ಟ್ರ ಎಡಗಡೆ ನಿಂತು, ಕಾಲು ನೋಡುತ್ತ ಹೆಜ್ಜೆ ಹಾಕಿದ. ಮೇಷ್ಟ್ರಿಗೆ ಗಲಿಬಿಲಿಯಾಯಿತು. ಅವನ ಬೆನ್ನ ಹಿಂದಿನಿಂದ ಕುಂಟುತ್ತ ಸುತ್ತಿ ಬಂದು, ಕಲಿತ ಜಾಗದಲ್ಲಿ, ಅವನ ಎಡಕ್ಕೆ ನಿಂತರು. ಅವನು ಮತ್ತೆ ಆಚೆ ಹೋದ. ಅವರು ಮತ್ತೆ ಸುತ್ತಿ ಬಂದರು.

“ಅಲ್ಲೇ ಇರು,” ಎಂದ. ಇದ್ದರು. ಅವನು ಹೆಜ್ಜೆ ಎತ್ತಿದ್ದೇ ತಡ, ಮತ್ತೆ ಹೊರಟರು. ಈ ಸಲ ತಿರುಗುವಾಗ ಎಡಗಾಲು ತಡೆಯಲಿಲ್ಲ. ಗದ್ದ ಸಿಮೆಂಟಿಗೆ ಬಡಿಯಿತು. ಎದ್ದರು. ಕಾಲೆಳೆದುಕೊಂಡು ಬಂದು, ಅವನ ಮೊಣಕಾಲಿಗೆ ಹೆಗಲು ತಾಗಿಸಿ ಕೂತು, ಭೇಷ್ ಅನ್ನುತ್ತಾನೇನೋ ಎಂದು ಅವನ ಮುಖ ನೋಡಿದರು. ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ತಮ್ಮ ಹಗ್ಗವನ್ನು ಅಕ್ಕನ ಕಾಲ ಬಳಿ ಎಸೆದ.

“ನೀನು ನಡೆಸು. ನಾನು ನೋಡ್ತೀನಿ.”

“ಅದು ನನ್ನ ಜೊತೆ ಬರಲ್ಲ.”

“ಬರುತ್ತೆ. ನಾನು ಹೇಳ್ತೀನಲ್ಲ.”

ಅವನು ಬಗ್ಗಿ ಮೇಷ್ಟ್ರ ಕಿವಿಯಲ್ಲಿ ಹೋಗು ಎಂದ. ಅವರು ಹೋದರು. ಅಕ್ಕ ಹಗ್ಗ ಜೋಲು ಬಿಟ್ಟು, ಎಡಮಗ್ಗುಲು ಅವನಿಗೆ ಕಾಣುವಂತೆ ಬೇಲಿಯುದ್ದಕ್ಕೂ ನಿಧಾನವಾಗಿ ನಡೆಸಿದಳು. ಅವನು ನೆಲದ ಮೇಲೆ ಕೂತು, ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಪ್ರತಿ ಹೆಜ್ಜೆಯನ್ನೂ ನೋಡಿದ. ಅವನ ಈ ಸೋತ ಮುಖ ನೋಡಬೇಕೆಂದು ಅವಳು ಎಷ್ಟೋ ಕಾಲ ಬಯಸಿದ್ದುಂಟು. ಈಗ ಅದು ಎದುರಿಗೇ ಇತ್ತು. ಅವಳಿಗೆ ಅದನ್ನು ನೋಡಲಾಗಲಿಲ್ಲ.

“ನಿಲ್ಲಿಸು. ಅವರಿಗೆ ನೋಯ್ತಿದೆ,” ಎಂದ ತಮ್ಮ.

ಅವಳು ಚೀಲದಿಂದ ನೋವಿನ ಮಾತ್ರೆ ತೆಗೆದು ಕಟ್ಟೆಯ ಮೇಲಿಟ್ಟಳು.

“ಎಕ್ಸ್‌ರೇ ತೆಗೀಬೇಕು. ಆಮೇಲೂ ನಾನು ಆಗಾಗ ಬಂದು ನೋಡಬೇಕಾಗುತ್ತೆ. ನಿನಗೋಸ್ಕರ ಅಲ್ಲ.”

“ಬಾ,” ಎಂದ ತಮ್ಮ, ಆ ಎಡಗಾಲಿನಿಂದ ಕಣ್ಣು ತೆಗೆಯದೆ. “ಆದ್ರೆ ನನ್ನ ಜೊತೆ ಮಾತಾಡಬೇಡ.”